ಅಂಗೈಯ ಮೇಲೊಂದು ಚಿರತೆ ಹಲ್ಲಿ

ಹಲ್ಲಿಯಿಲ್ಲದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಸಂಜೆ ದೀಪ ಹತ್ತಿತೆಂದರೆ ಗೋಡೆಯ ಪಟದ ಹಿಂದಿನಿಂದ ಅದು ಹೊರಗೆ ಬರುತ್ತದೆ. ಮನೆಯ ಹಿರಿಯರು ಏನಾದರೊಂದು ಮಾತನಾಡುತ್ತಿರುವಾಗ ಅದು ಲೊಚಗುಟ್ಟಿದರೆ, ಆಡಿದ ಮಾತು ಸತ್ಯವೆಂದು ಬೆರಳಿನಿಂದ ನೆಲವನ್ನು ತಟ್ಟುವವರೂ ಉಂಟು. ಮೈಮೇಲೆ ಬಿದ್ದರಂತೂ ಸ್ನಾನವಾಗಬೇಕು, ಪಂಚಾಂಗ ತೆರೆದು ಫಲವನ್ನು ನೋಡಬೇಕು. ಹೀಗೆ ತಲತಲಾಂತರದಿಂದ ಒಂದೇ ಸೂರಿನ ಕೆಳಗೆ ಬಾಳುತ್ತ ಬಂದಿದ್ದರೂ ಹಲ್ಲಿಯನ್ನು ಕೈಗೆತ್ತಿಕೊಂಡು ಮುದ್ದಿಸಬೇಕೆಂದು ನಮ್ಮಲ್ಲಿ ಯಾರಿಗೂ ತೋರಿದಂತಿಲ್ಲ.

ಆದುದರಿಂದ, ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನೆಲಸಿರುವ ನನ್ನ ತಮ್ಮನ ಮನೆಗೆ ಹೋಗಿದ್ದಾಗ, ಅವನ ಹನ್ನೆರಡು ವರ್ಷದ ಮಗಳು “ದೊಡ್ಡಪ್ಪ, ನನ್ನ ಹಲ್ಲಿಯನ್ನು ನೋಡಿ ಬನ್ನಿ” ಎಂದು ಕೈಹಿಡಿದು ಕರೆದೊಯ್ದಾಗ ನನಗೆ ನಗು ಬಂದಿತು. ಅವಳ ಕೊಠಡಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತು. ಅದರೊಳಗಿನ ಚಪ್ಪಟೆ ಕಲ್ಲಿನ ಮೇಲೆ ಗೇಣುದ್ದದ ಪ್ರಾಣಿಯೊಂದು ಮಲಗಿತ್ತು. ಹಳದಿಯ ಮೈ, ಅದರ ತುಂಬ ಕಪ್ಪು ಚುಕ್ಕೆಗಳು, ಬೆರಳಿನಷ್ಟು ದಪ್ಪನಾದ ಬಾಲ. ನಾನು ಬಗ್ಗಿ ನೋಡುತ್ತಿದ್ದಂತೆ ಅದು ನಿಧಾನವಾಗಿ ಎವೆಯಿಕ್ಕಿತು! ಪ್ರಾಣಿಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದ ನನ್ನ ನಗು ಅಲ್ಲಿಗೆ ನಿಂತಿತು. ನಮ್ಮ ಮನೆಯ ಹಲ್ಲಿ ಎವೆಯಿಕ್ಕುವುದನ್ನು ಯಾರೂ ಕಂಡಿಲ್ಲ. ಅದಕ್ಕೆ ರೆಪ್ಪೆಗಳೇ ಇಲ್ಲ.

ಹುಡುಗಿ ಕೈತೊಳೆದು ಬಂದು ಪ್ರಾಣಿಯನ್ನು ಮೆಲ್ಲನೆ ನನ್ನ ಅಂಗೈಗೆ ಹತ್ತಿಸಿದಳು. “ಹಿಡಿಯಬೇಡಿ ದೊಡ್ಡಪ್ಪ, ಅದು ನಡೆದಾಡಲಿ” ಎಂದಳು. ಅದು ಎರಡು ಹೆಜ್ಜೆಯಿಟ್ಟು ಅಂಗೈಯ ಅಂಚಿಗೆ ಬಂದು ಕೆಳಗೆ ಇಣುಕಿತು. ನಾನು ನಿಂತಿದ್ದೆ. ಬಿದ್ದೀತೆಂದು ಹೆದರಿ ಇನ್ನೊಂದು ಕೈಯಿಂದ ತಟ್ಟನೆ ಹಿಡಿದುಬಿಟ್ಟೆ. ಹಿಡಿದುದು ಬಾಲವನ್ನು. ಮರುಕ್ಷಣದಲ್ಲಿ ಹಲ್ಲಿ ಕೆಳಗಿನ ಜಮಖಾನೆಯ ಮೇಲಿತ್ತು. ಬಾಲ ನನ್ನ ಬೆರಳುಗಳ ನಡುವೆ ಒದ್ದಾಡುತ್ತಿತ್ತು.

ಹುಡುಗಿಯ ಕಣ್ಣು ತುಂಬಿತು. ಆದರೆ ಅವಳು ಅಳುತ್ತ ನಿಲ್ಲಲಿಲ್ಲ. ಮೊದಲು ಹಲ್ಲಿಯನ್ನು ಎರಡು ಕೈಗಳಿಂದ ಬಳಸಿ ಎತ್ತಿ ಗೂಡಿಗೆ ಸೇರಿಸಿದಳು. ಅನಂತರ “ತಪ್ಪು ನನ್ನದೇ ದೊಡ್ಡಪ್ಪ. ನಿಮ್ಮನ್ನು ನೆಲದ ಮೇಲೆ ಕೂರಿಸಿ ಕೊಡಬೇಕಾಗಿತ್ತು” ಎಂದಳು. ಹಲ್ಲಿಯ ಬಾಲ ಏಕೆ ಕಳಚುತ್ತದೆ ಎಂಬುದನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ಎಷ್ಟೋ ತರಗತಿಗಳಿಗೆ ವಿವರಿಸಿದವನು ನಾನು. ಆದರೂ ಆ ಅರಿವು ನನ್ನ ಕೈಗೆ ಇಳಿದಿರಲಿಲ್ಲ. ಅಲ್ಲಿದ್ದ ಉಳಿದ ಮೂರು ವಾರಗಳೂ ಆ ಹುಡುಗಿಯೇ ನನಗೆ ಉಪಾಧ್ಯಾಯಿನಿ. ಅವಳು ಕಲಿಸಿದ ಪ್ರತಿಯೊಂದು ನಿಯಮಕ್ಕೂ ಪ್ರಾಣಿಯ ದೇಹರಚನೆಯಲ್ಲಿಯೇ ಕಾರಣ ಇರುವುದನ್ನು ಕಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹೆಸರು ಮತ್ತು ನೆಲೆ

ಈ ಪ್ರಾಣಿಗೆ ಇಂಗ್ಲಿಷಿನಲ್ಲಿ ಲೆಪರ್ಡ್ ಗೆಕ್ಕೊ ಎಂದು ಹೆಸರು. ಕನ್ನಡದಲ್ಲಿ ನಾವು ಚಿರತೆ ಹಲ್ಲಿ ಎನ್ನಬಹುದು. ಶಾಸ್ತ್ರೀಯ ನಾಮ ಯೂಬ್ಲೆಫಾರಿಸ್ ಮ್ಯಾಕುಲೇರಿಯಸ್. ಮೊದಲ ಪದ ಗ್ರೀಕ್ ಮೂಲದ್ದು. ‘ನಿಜವಾದ ರೆಪ್ಪೆಯುಳ್ಳುದು’ ಎಂದು ಅರ್ಥ. ಎರಡನೆಯದು ಲ್ಯಾಟಿನ್ ಭಾಷೆಯದು. ‘ಚುಕ್ಕೆಯುಳ್ಳುದು’ ಎಂದು ಅರ್ಥ. ಮರಿಗಳ ಮೈಮೇಲೆ ಚುಕ್ಕೆಗಳಿಲ್ಲ, ಅಗಲವಾದ ಪಟ್ಟೆಗಳಿರುತ್ತವೆ. ಬೆಳೆದಂತೆ ಪಟ್ಟೆಗಳು ಒಡೆದು ಚುಕ್ಕೆಗಳಾಗುತ್ತವೆ. ಪೂರ್ಣ ಬೆಳೆದ ಹಲ್ಲಿ ಸಾಮಾನ್ಯವಾಗಿ ೨೦ರಿಂದ ೨೫ ಸೆಂಟಿಮೀಟರ್ ಉದ್ದವಿರುತ್ತದೆ. ಒಳ್ಳೆಯ ಆರೈಕೆ ದೊರೆತರೆ ೧೫-೨೦ ವರ್ಷ ಬದುಕುತ್ತದೆ. ಕಾಲೇಜಿಗೆ ಸೇರುವ ಹೊತ್ತಿಗೆ ತಂದ ಹಲ್ಲಿ, ಸಾಕಿದವರಿಗೆ ಮಕ್ಕಳಾದ ಮೇಲೂ ಮನೆಯಲ್ಲಿರಬಹುದು! ಸಾಕಲು ಹೊರಡುವವರು ಮೊದಲು ಯೋಚಿಸಬೇಕಾದ ಸಂಗತಿಯಿದು.

ಇಂದು ಇದು ಅಮೆರಿಕ, ಯೂರೋಪುಗಳ ಮನೆಗಳಲ್ಲಿ ಬೆಳೆಯುತ್ತಿದ್ದರೂ ಇದರ ತೌರು ನಮಗೆ ದೂರದ್ದಲ್ಲ. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಭಾಗದ ಒಣ ಕಲ್ಲುಬೆಟ್ಟಗಳು, ಗಟ್ಟಿ ಮಣ್ಣಿನ ಕುರುಚಲು ಬಯಲುಗಳು ಇದರ ನೆಲೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನು, ಪಂಜಾಬಿನ ಉಪ್ಪಿನ ಬೆಟ್ಟಗಳಿಂದ ಬಂದ ಮಾದರಿಗಳನ್ನು ಪರೀಕ್ಷಿಸಿ ೧೮೫೪ರಲ್ಲಿ ಇದನ್ನು ಮೊದಲು ವರ್ಣಿಸಿದನು. ಇದೇ ಕುಲದ ಬೇರೆ ಹಲ್ಲಿಗಳು ನಮ್ಮ ದೇಶದಲ್ಲಿ ಉಂಟು. ಸಾತ್ಪುರ ಬೆಟ್ಟಗಳ ಹಲ್ಲಿಯೊಂದು ೨೦೧೪ರಲ್ಲಿಯೂ, ವಿಶಾಖಪಟ್ಟಣದ ಕಡೆಯ ಇನ್ನೊಂದು ೨೦೨೨ರಲ್ಲಿಯೂ ಹೊಸ ಜಾತಿಗಳೆಂದು ವಿಜ್ಞಾನಕ್ಕೆ ಪರಿಚಿತವಾದುವು. ಅನೇಕ ಕಡೆ ಹಳ್ಳಿಗರು ಇವನ್ನು ವಿಷಜಂತುಗಳೆಂದು ತಿಳಿದು ಕಂಡಲ್ಲಿ ಕೊಲ್ಲುವುದುಂಟು. ವಾಸ್ತವವಾಗಿ ಇವುಗಳಲ್ಲಿ ವಿಷದ ಸೋಂಕೂ ಇಲ್ಲ. ಕಾಡಿನಲ್ಲಿರುವ ಇವನ್ನು ಕೊಲ್ಲುವುದು ಹೇಗೆ ತಪ್ಪೋ, ಸಾಕುವ ಆಸೆಯಿಂದ ಹಿಡಿದು ತರುವುದೂ ಹಾಗೆಯೇ ತಪ್ಪು. ಅಮೆರಿಕದ ಮನೆಗಳಲ್ಲಿರುವ ಚಿರತೆ ಹಲ್ಲಿಗಳು ಅನೇಕ ತಲೆಮಾರುಗಳಿಂದ ಮನುಷ್ಯರ ಕೈಯಲ್ಲೇ ಹುಟ್ಟಿ ಬೆಳೆದವು.

ಇದರ ಬೆರಳುಗಳನ್ನು ನೋಡಿದರೆ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಗೋಡೆಯ ಹಲ್ಲಿಯ ಬೆರಳಿನ ತಳದಲ್ಲಿ ಅಂಟಿಕೊಳ್ಳುವ ಪದರಗಳುಂಟು. ಚಿರತೆ ಹಲ್ಲಿಗೆ ಅವು ಇಲ್ಲ, ಬರಿಯ ಉಗುರುಗಳಿವೆ. ಇದು ನೆಲದ ಪ್ರಾಣಿ. ನುಣ್ಣನೆಯ ಗಾಜನ್ನು ಏರಲಾರದು, ಎತ್ತರದಿಂದ ಬಿದ್ದರೆ ಗೋಡೆಗೆ ಅಂಟಿ ತಪ್ಪಿಸಿಕೊಳ್ಳಲಾರದು. ನೆಲದ ಮೇಲೆ ಕುಳಿತೇ ಇದನ್ನು ಕೈಗೆ ತೆಗೆದುಕೊಳ್ಳಬೇಕೆಂಬ ನಿಯಮದ ಗುಟ್ಟು ಇಲ್ಲಿದೆ.

ಸ್ನಾನ ಬೇಡದ ಮೈ

“ಇದಕ್ಕೆ ವಾರಕ್ಕೆ ಎಷ್ಟು ಸಲ ಸ್ನಾನ ಮಾಡಿಸುತ್ತೀಯೆ?” ಎಂದು ನಾನು ಕೇಳಿದೆ. ಹುಡುಗಿ “ಮಾಡಿಸುವುದೇ ಇಲ್ಲ” ಎಂದಳು. ಅವಳು ಹೇಳಿದುದು ಸರಿ. ನಾವು ಮೀಯುವುದು ಬೆವರನ್ನೂ ಅದಕ್ಕೆ ಅಂಟಿದ ಕೊಳೆಯನ್ನೂ ಕಳೆಯುವುದಕ್ಕೆ. ಸರೀಸೃಪಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಅಲ್ಲದೆ ಹಲ್ಲಿಗಳ ಚರ್ಮಕ್ಕೆ ತನ್ನನ್ನು ತಾನೇ ಶುಚಿಮಾಡಿಕೊಳ್ಳುವ ಶಕ್ತಿಯುಂಟು. ಆಸ್ಟ್ರೇಲಿಯದ ನೆಲಹಲ್ಲಿಯೊಂದರ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು ೨೦೧೫ರಲ್ಲಿ ಒಂದು ಕುತೂಹಲದ ವಿಷಯವನ್ನು ಪ್ರಕಟಿಸಿದರು. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಒತ್ತಾಗಿ ನಿಂತಿವೆ. ಮಂಜಿನ ಹನಿಗಳು ಅವುಗಳ ತುದಿಯ ಮೇಲೆ ನಿಂತು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ, ಧೂಳನ್ನೂ ಹೊತ್ತುಕೊಂಡು ಜಾರಿಹೋಗುತ್ತವೆ. ಇಂಥ ಮೈಗೆ ಸಾಬೂನು ತಿಕ್ಕುವುದೆಂದರೆ ಚೆನ್ನಾಗಿ ನಡೆಯುತ್ತಿರುವ ಗಡಿಯಾರವನ್ನು ಬಿಚ್ಚಿ ತೊಳೆದಂತೆ.

ಹಳೆಯ ಚರ್ಮವನ್ನು ಹಲ್ಲಿ ಆಗಾಗ ಇಡಿಯಾಗಿ ಕಳಚುತ್ತದೆ. ಇದನ್ನು ಪೊರೆ ಬಿಡುವುದು ಎನ್ನುತ್ತೇವೆ. ಬೆಳೆಯುವ ಮರಿಗಳು ಒಂದೆರಡು ವಾರಕ್ಕೊಮ್ಮೆಯೂ ದೊಡ್ಡವು ಒಂದೆರಡು ತಿಂಗಳಿಗೊಮ್ಮೆಯೂ ಪೊರೆ ಬಿಡುತ್ತವೆ. ಆ ಮುನ್ನ ಮೈಬಣ್ಣ ಮಾಸಿ, ಸುಣ್ಣದ ನೀರು ಬಳಿದಂತೆ ಬೆಳ್ಳಗಾಗುತ್ತದೆ. ಬಳಿಕ ಹಲ್ಲಿಯು ಕಲ್ಲಿಗೆ ಮೂತಿಯನ್ನು ಉಜ್ಜಿ, ಬಾಯಿಂದ ಕಚ್ಚಿ ಎಳೆದು, ನಾವು ಕೈಚೀಲವನ್ನು ಕಳಚುವಂತೆ ಪೊರೆಯನ್ನು ಕಳಚಿ ತಾನೇ ನುಂಗಿಬಿಡುತ್ತದೆ. ಈ ಕೆಲಸದಲ್ಲಿ ನಾವು ಕೈಹಾಕಲಾಗದು. ಹೊಸ ಚರ್ಮ ಇನ್ನೂ ಎಳೆಯದಾಗಿರುವುದರಿಂದ ಅಂಥ ದಿನಗಳಲ್ಲಿ ಹಲ್ಲಿಯನ್ನು ಮುಟ್ಟದಿರುವುದೇ ಲೇಸು.

ಆದರೆ ಪೊರೆ ಸುಲಭವಾಗಿ ಬಿಡಬೇಕಾದರೆ ತೇವ ಬೇಕು. ಒಣಪ್ರದೇಶದ ಪ್ರಾಣಿಗೆ ತೇವ ಎಲ್ಲಿಯದು ಎಂದು ನೀವು ಕೇಳಬಹುದು. ಅದು ಹಗಲನ್ನು ಕಳೆಯುವುದು ಕಲ್ಲಿನ ಸಂದಿಯಲ್ಲಿ, ನೆಲದ ಬಿಲದಲ್ಲಿ. ಅಲ್ಲಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಇದಕ್ಕಾಗಿ ಗೂಡಿನೊಳಗೆ ಮುಚ್ಚಳವಿರುವ ಚಿಕ್ಕ ಡಬ್ಬಿಯೊಂದನ್ನು ಇಟ್ಟು, ಅದಕ್ಕೆ ಬಾಗಿಲು ಕೊರೆದು, ಒದ್ದೆ ಮಾಡಿ ಹಿಂಡಿದ ಪಾಚಿಯನ್ನಾಗಲಿ ಮೆತ್ತನೆಯ ಕಾಗದವನ್ನಾಗಲಿ ಹಾಸುತ್ತಾರೆ. ಈ ತೇವದ ಗುಹೆ ಇಲ್ಲದಿದ್ದರೆ ಬೆರಳಿನ ತುದಿಗಳಲ್ಲಿ ಪೊರೆ ಉಂಗುರದಂತೆ ಉಳಿದುಹೋಗುತ್ತದೆ. ಒಣಗಿದ ಉಂಗುರ ದಿನದಿನಕ್ಕೆ ಬಿಗಿದು ರಕ್ತದ ಓಟವನ್ನು ತಡೆಯುತ್ತದೆ. ಕೊನೆಗೆ ಬೆರಳೇ ಸತ್ತು ಉದುರುತ್ತದೆ. ಸಾಕಿದ ಚಿರತೆ ಹಲ್ಲಿಗಳಲ್ಲಿ ಬೆರಳು ಕಳೆದುಕೊಂಡವನ್ನು ಕಾಣುವುದು ಅಪರೂಪವಲ್ಲ. ಆದುದರಿಂದ ಪ್ರತಿ ಸಲ ಪೊರೆ ಬಿಟ್ಟ ಮೇಲೆ ನಾಲ್ಕು ಪಾದಗಳ ಇಪ್ಪತ್ತು ಬೆರಳುಗಳನ್ನೂ ಕಣ್ಣಿನ ಸುತ್ತಲನ್ನೂ ಪರೀಕ್ಷಿಸಬೇಕು.

ಪೊರೆ ಉಳಿದುದು ಕಂಡರೆ ಎಳೆಯಕೂಡದು. ಅಗಲವಾದ ಡಬ್ಬಿಯಲ್ಲಿ ಸುಮಾರು ೩೦ ಡಿಗ್ರಿ ಸೆಂಟಿಗ್ರೇಡಿನ ಉಗುರುಬೆಚ್ಚಗಿನ ನೀರನ್ನು ಪಾದಗಳು ಮುಳುಗುವಷ್ಟು ಮಾತ್ರ ಹಾಕಿ, ಹಲ್ಲಿಯನ್ನು ಹತ್ತು ಹದಿನೈದು ನಿಮಿಷ ಅದರಲ್ಲಿ ನಿಲ್ಲಿಸಬೇಕು. ಬಳಿಯಲ್ಲೇ ಇದ್ದು ನೋಡಿಕೊಳ್ಳಬೇಕು. ಅನಂತರ ಹತ್ತಿ ಸುತ್ತಿದ ಕಡ್ಡಿಯನ್ನು ಒದ್ದೆಮಾಡಿ ಬುಡದಿಂದ ತುದಿಯ ಕಡೆಗೆ ಮೆಲ್ಲನೆ ಹೊರಳಿಸಿದರೆ ಪೊರೆ ಸಡಿಲುತ್ತದೆ. ಸಡಿಲದಿದ್ದರೆ ಮರುದಿನ ಮತ್ತೆ ಪ್ರಯತ್ನಿಸಬಹುದು. ಕಣ್ಣಿನೊಳಗೆ ಸಿಕ್ಕಿಕೊಂಡ ಪೊರೆ ಮಾತ್ರ ಪಶುವೈದ್ಯರ ಕೆಲಸ.

ಗೂಡಿನ ಶುಚಿ

ಮೈಯನ್ನು ಹಲ್ಲಿಯೇ ನೋಡಿಕೊಳ್ಳುವುದಾದರೂ ಗೂಡನ್ನು ನೋಡಿಕೊಳ್ಳುವ ಹೊಣೆ ನಮ್ಮದು. ಬೆಟ್ಟದ ಹಲ್ಲಿಗೆ ಒಂದು ಜಾಗ ಕೊಳೆಯಾದರೆ ಇನ್ನೊಂದು ಜಾಗ ಇದೆ. ಪೆಟ್ಟಿಗೆಯ ಹಲ್ಲಿಗೆ ಅದಿಲ್ಲ.

ಈ ಕೆಲಸದಲ್ಲಿ ಪ್ರಾಣಿಯ ಸ್ವಭಾವವೇ ನಮಗೆ ನೆರವಾಗುತ್ತದೆ. ಚಿರತೆ ಹಲ್ಲಿ ಸಾಮಾನ್ಯವಾಗಿ ಗೂಡಿನ ಒಂದು ಮೂಲೆಯನ್ನು ಆರಿಸಿಕೊಂಡು ಅಲ್ಲಿಯೇ ಮಲವಿಸರ್ಜನೆ ಮಾಡುತ್ತದೆ. ಹಿಕ್ಕೆಯಲ್ಲಿ ಕಪ್ಪು ಭಾಗ ಒಂದು, ಸುಣ್ಣದಂಥ ಬಿಳಿಯ ಭಾಗ ಒಂದು ಇರುತ್ತದೆ. ಕಪ್ಪಾದುದು ಜೀರ್ಣವಾಗದೆ ಉಳಿದ ಆಹಾರ, ಬಿಳಿಯದು ಮೂತ್ರ! ನಮ್ಮ ದೇಹವು ಸಾರಜನಕದ ಕಲ್ಮಷವನ್ನು ಯೂರಿಯದ ರೂಪದಲ್ಲಿ ಧಾರಾಳ ನೀರಿನೊಂದಿಗೆ ಹೊರಹಾಕುತ್ತದೆ. ನೀರನ್ನು ಹನಿಹನಿಯಾಗಿ ಉಳಿಸಬೇಕಾದ ಹಲ್ಲಿಯು ಅದನ್ನು ನೀರಿನಲ್ಲಿ ಕರಗದ ಯೂರಿಕ್ ಆಮ್ಲವಾಗಿ ಮಾರ್ಪಡಿಸಿ ಮುದ್ದೆಯಾಗಿ ಹೊರಹಾಕುತ್ತದೆ. ಆದುದರಿಂದ ಒಂದು ತುಂಡು ಕಾಗದದಿಂದ ಅದನ್ನು ಎತ್ತಿಬಿಡಬಹುದು. ಇದು ದಿನನಿತ್ಯದ ಕೆಲಸ. ಹಾಗೆಯೇ ಕುಡಿಯುವ ನೀರಿನ ಬಟ್ಟಲನ್ನು ದಿನವೂ ತೊಳೆದು ಹೊಸ ನೀರನ್ನಿಡಬೇಕು. ಆಹಾರವಾಗಿ ಬಿಟ್ಟ ಜೀವಂತ ಮಿಡತೆ ಮೊದಲಾದ ಕೀಟಗಳಲ್ಲಿ ಉಳಿದವನ್ನು ಹೊರತೆಗೆಯಬೇಕು. ಹಸಿದ ಕೀಟಗಳು ಮಲಗಿದ ಹಲ್ಲಿಯನ್ನೇ ಕಚ್ಚುವುದುಂಟು.

ನೆಲಕ್ಕೆ ಏನು ಹಾಸಬೇಕೆಂಬುದೂ ಶುಚಿಗೆ ಸೇರಿದ ವಿಷಯವೇ. ಮರುಭೂಮಿಯ ಪ್ರಾಣಿಯೆಂದು ಭಾವಿಸಿ ಸಡಿಲ ಮರಳನ್ನು ಸುರಿಯುವವರಿದ್ದಾರೆ. ಅದು ಸರಿಯಲ್ಲವೆಂಬುದು ಇದರ ತೌರಿನ ಗಟ್ಟಿ ನೆಲವನ್ನು ನೆನೆದರೆ ತಿಳಿಯುತ್ತದೆ. ಕೀಟವನ್ನು ಹಿಡಿಯುವಾಗ ಮರಳೂ ಹೊಟ್ಟೆಗೆ ಹೋಗಿ ಕರುಳು ಕಟ್ಟಿಕೊಳ್ಳಬಹುದು. ಮರಳಿನಡಿ ಸೇರಿದ ಹೇಸಿಗೆ ಕಣ್ಣಿಗೂ ಕಾಣುವುದಿಲ್ಲ. ಕಲ್ಲಿನ ಬಿಲ್ಲೆಗಳು ಉತ್ತಮ. ಎಳೆಯ ಮರಿಗೂ ರೋಗಿಗೂ ನೀರು ಹೀರುವ ಬಿಳಿಯ ಕಾಗದ ಇನ್ನೂ ಉತ್ತಮ.

ತಿಂಗಳಿಗೊಮ್ಮೆ ದೊಡ್ಡ ಶುಚಿಕಾರ್ಯ ನಡೆಯಬೇಕು. ಹಲ್ಲಿಯನ್ನು ಗಾಳಿಯಾಡುವ ಬೇರೊಂದು ಡಬ್ಬಿಗೆ ಸೇರಿಸಿ, ಗೂಡನ್ನು ಬರಿದು ಮಾಡಿ, ಮೊದಲು ಬಿಸಿನೀರು ಸಾಬೂನುಗಳಿಂದ ಉಜ್ಜಿ ತೊಳೆಯಬೇಕು. ರೋಗಾಣುನಾಶಕವನ್ನು ಹಾಕುವುದು ಆಮೇಲೆ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಏಕೆಂದರೆ ಕೊಳೆಯಿರುವೆಡೆಯಲ್ಲಿ ಕ್ಲೋರಿನ್ ತನ್ನ ಶಕ್ತಿಯನ್ನೆಲ್ಲ ಕೊಳೆಯ ಮೇಲೆಯೇ ವ್ಯಯಮಾಡಿ, ರೋಗಾಣುಗಳನ್ನು ತಲಪುವಷ್ಟರಲ್ಲಿ ಬಲಗುಂದಿರುತ್ತದೆ. ಬಟ್ಟೆಗೆ ಬಳಸುವ ಬ್ಲೀಚ್ ದ್ರವ ಒಂದು ಪಾಲು, ನೀರು ಒಂಬತ್ತು ಪಾಲು ಸೇರಿಸಿ ಬಳಿದು, ಕನಿಷ್ಠ ಹತ್ತು ನಿಮಿಷ ಬಿಟ್ಟು, ವಾಸನೆಯೆಲ್ಲ ಹೋಗುವವರೆಗೆ ನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಬ್ಲೀಚನ್ನು ಅಮೋನಿಯದೊಂದಿಗಾಗಲಿ ವಿನಿಗರಿನಂಥ ಆಮ್ಲದೊಂದಿಗಾಗಲಿ ಎಂದೂ ಬೆರಸಬಾರದು. ಹೊರಡುವ ವಿಷಾನಿಲಗಳಿಂದ ತೊಳೆಯುವವನ ಜೀವಕ್ಕೇ ಅಪಾಯ. ನಮ್ಮ ಮನೆಗಳಲ್ಲಿ ನೆಲ ಒರಸುವ ಫಿನಾಯಿಲ್ ಕೂಡ ಇಲ್ಲಿಗೆ ಸಲ್ಲದು. ಫೀನಾಲ್ ಜಾತಿಯ ವಸ್ತುಗಳು ಸರೀಸೃಪಗಳಿಗೆ ವಿಷ.

ಇಷ್ಟೆಲ್ಲ ಮಾಡಿದರೂ ಜಗ್ಗದ ಶತ್ರುವೊಂದುಂಟು. ಅದು ಕ್ರಿಪ್ಟೊಸ್ಪೋರಿಡಿಯಮ್ ಎಂಬ ಏಕಕೋಶ ಪರೋಪಜೀವಿ. ಇದು ಕರುಳಿನ ಒಳಪೊರೆಯಲ್ಲಿ ನೆಲಸಿದರೆ, ಹಲ್ಲಿ ತಿಂದರೂ ಮೈಹಿಡಿಯದೆ ಬಡವಾಗುತ್ತ ಹೋಗುತ್ತದೆ. ದಪ್ಪನಾಗಿದ್ದ ಬಾಲ ಕಡ್ಡಿಯಂತಾಗುತ್ತದೆ. ಹಿಕ್ಕೆಯಲ್ಲಿ ಹೊರಬೀಳುವ ಇದರ ಗಟ್ಟಿ ಕವಚದ ಬೀಜಾಣುಗಳನ್ನು ಸಾಮಾನ್ಯ ಬ್ಲೀಚ್ ಕೊಲ್ಲಲಾರದು; ಕುದಿಯುವ ನೀರು, ಹಬೆಗಳ ಶಾಖ ಬೇಕು. ಹೊಸದಾಗಿ ತಂದ ಹಲ್ಲಿಯನ್ನು ಹಳೆಯದರ ಬಳಿ ಬಿಡದೆ, ಕೆಲವು ವಾರ ಬೇರೆ ಕೊಠಡಿಯಲ್ಲಿ, ಬೇರೆ ಪಾತ್ರೆಗಳೊಡನೆ ಇರಿಸುವುದು ಇದಕ್ಕಾಗಿಯೇ. ಹುಡುಗಿ ಪ್ರತಿ ಭಾನುವಾರ ಹಲ್ಲಿಯನ್ನು ಚಿಕ್ಕ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಕಣ್ಣಿಗೆ ಕಾಣುವುದಕ್ಕೆ ಮೊದಲೇ ರೋಗದ ಸುಳಿವನ್ನು ಕೊಡುವುದು ಈ ಅಂಕಿಗಳೇ.

ಹಲ್ಲಿಗೆ ನಿರಪಾಯ, ನಮಗೆ ಅಪಾಯ

ಇನ್ನೊಂದು ರೋಗಾಣುವಿನ ವಿಷಯ ಇದಕ್ಕೆ ವಿಪರೀತ. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವು ಅನೇಕ ಸರೀಸೃಪಗಳ ಕರುಳಿನಲ್ಲಿ ಅವಕ್ಕೆ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ನೋಡಲು ಆರೋಗ್ಯವಾಗಿರುವ ಹಲ್ಲಿಯೂ ಅದನ್ನು ಆಗಾಗ ಹೊರಚೆಲ್ಲುತ್ತಿರಬಹುದು. ಒಮ್ಮೆ ಪರೀಕ್ಷೆಯಲ್ಲಿ ಸಿಗಲಿಲ್ಲವೆಂದರೆ ಇಲ್ಲವೆಂದು ಅರ್ಥವಲ್ಲ. ಅದೇ ಜೀವಾಣು ಮನುಷ್ಯನ ಹೊಟ್ಟೆಯನ್ನು ಸೇರಿದರೆ ಜ್ವರ, ಭೇದಿ, ಹೊಟ್ಟೆಯ ಸೆಳೆತ ಕಾಣಿಸಿಕೊಳ್ಳುತ್ತವೆ. ಎಳೆಯ ಮಕ್ಕಳಲ್ಲಿ ಅದು ರಕ್ತಕ್ಕೆ ಸೇರಿ ಪ್ರಾಣಾಂತಕವೂ ಆಗಬಹುದು.

ಅಮೆರಿಕದವರು ಇದನ್ನು ಕಷ್ಟಪಟ್ಟು ಕಲಿತರು. ಒಂದು ಕಾಲಕ್ಕೆ ಅಲ್ಲಿ ಪುಟ್ಟ ಆಮೆಮರಿಗಳನ್ನು ಮಕ್ಕಳಿಗೆ ಆಟಿಕೆಗಳಂತೆ ಕೊಡಿಸುತ್ತಿದ್ದರು. ಮಕ್ಕಳು ಅವನ್ನು ಬಾಯಿಗಿಟ್ಟು ರೋಗಕ್ಕೆ ತುತ್ತಾಗುತ್ತಿದ್ದರು. ಕೊನೆಗೆ ೧೯೭೫ರಲ್ಲಿ, ೪ ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ಅಲ್ಲಿನ ಸರ್ಕಾರ ನಿಷೇಧಿಸಿತು. ೨೦೧೫ರಲ್ಲಿ ಅದೇ ದೇಶದ ಹಲವು ರಾಜ್ಯಗಳಲ್ಲಿ ಕಂಡುಬಂದ ಸಾಲ್ಮೊನೆಲ್ಲ ರೋಗದ ಮೂಲವನ್ನು ಹುಡುಕಿದಾಗ, ಸಾಕಿದ ಇನ್ನೊಂದು ಜಾತಿಯ ಹಲ್ಲಿಗಳು ಅದರ ಕಾರಣವೆಂದು ಗೊತ್ತಾಯಿತು. ಐದು ವರ್ಷಕ್ಕಿಂತ ಕಿರಿಯ ಮಕ್ಕಳು, ಅರವತ್ತೈದು ದಾಟಿದ ವೃದ್ಧರು, ರೋಗನಿರೋಧಶಕ್ತಿ ಕುಂದಿದವರು ಇರುವ ಮನೆಗೆ ಸರೀಸೃಪಗಳು ತಕ್ಕವಲ್ಲವೆಂದು ಅಲ್ಲಿನ ಆರೋಗ್ಯಶಾಖೆ ಎಚ್ಚರಿಸುತ್ತದೆ.

ಇದಕ್ಕೆ ಪ್ರತೀಕಾರ ಸುಲಭವಾದುದು. ಹಲ್ಲಿಯನ್ನೋ ಅದರ ಗೂಡನ್ನೋ ಮುಟ್ಟಿದೊಡನೆ ಕೈಗಳನ್ನು ಸಾಬೂನು ಹಚ್ಚಿ ಕನಿಷ್ಠ ೨೦ ಸೆಕೆಂಡು ತಿಕ್ಕಿ ತೊಳೆಯಬೇಕು. ಮುಟ್ಟುವುದಕ್ಕೆ ಮೊದಲೂ ತೊಳೆಯಬೇಕು; ನಮ್ಮ ಕೈಯ ಎಣ್ಣೆ, ಔಷಧ, ಸುಗಂಧಗಳು ಅದಕ್ಕೆ ಒಗ್ಗವು. ಗೂಡಿನ ಬಟ್ಟಲುಗಳನ್ನು ಅಡುಗೆಮನೆಯಲ್ಲಿ ತೊಳೆಯಕೂಡದು. ಅವಕ್ಕಾಗಿಯೇ ಬೇರೆ ಬಕೆಟ್ಟು, ಬೇರೆ ಕುಂಚ ಇರಬೇಕು. ಹಲ್ಲಿಯನ್ನು ಊಟದ ಮೇಜಿನ ಮೇಲೆ ಬಿಡಬಾರದು. ಎಷ್ಟೇ ಮುದ್ದಾಗಿದ್ದರೂ ಮುತ್ತಿಡಬಾರದು.

ಕೈಗೆತ್ತಿಕೊಳ್ಳುವ ಬಗೆ

ಹೊಸ ಮನೆಗೆ ಬಂದ ಹಲ್ಲಿಯನ್ನು ಒಂದೆರಡು ವಾರ ಮುಟ್ಟದೆ ಬಿಡಬೇಕು. ಅದು ಸರಿಯಾಗಿ ಆಹಾರ ತಿನ್ನತೊಡಗಿದ ಮೇಲೆ ಕೈಯನ್ನು ಗೂಡಿನೊಳಗೆ ಅಂಗೈ ಮೇಲಾಗಿ ಇಟ್ಟುಕೊಂಡು ಸುಮ್ಮನಿರುವುದು ಮೊದಲ ಪಾಠ. ಹಲ್ಲಿ ಬಂದು ನಾಲಗೆಯಿಂದ ನೆಕ್ಕಿ ನೋಡುತ್ತದೆ. ಅದು ಪ್ರೀತಿಯಲ್ಲ, ಪರೀಕ್ಷೆ. ನಾಲಗೆಗೆ ತಾಗಿದ ವಾಸನೆಯ ಕಣಗಳನ್ನು ಅಂಗುಳಿನಲ್ಲಿರುವ ಜೇಕಬ್ಸನ್ನನ ಅಂಗಕ್ಕೆ ಮುಟ್ಟಿಸಿ, ಎದುರಿಗಿರುವುದು ಏನೆಂಬುದನ್ನು ಅದು ತಿಳಿಯುತ್ತದೆ. ಕೆಲವು ದಿನ ಹೀಗೆ ಮಾಡಿದರೆ ಆ ಕೈಯ ವಾಸನೆ ಅದಕ್ಕೆ ಪರಿಚಿತವಾಗುತ್ತದೆ. ಒಂದು ಸಂಜೆ ತಾನಾಗಿಯೇ ಕೈಯನ್ನು ಹತ್ತುತ್ತದೆ. ಇದು ಮುಸ್ಸಂಜೆ, ಮುಂಜಾವುಗಳಲ್ಲಿ ಚುರುಕಾಗುವ ಪ್ರಾಣಿಯಾದುದರಿಂದ ಹಗಲು ನಿದ್ರಿಸುತ್ತಿರುವಾಗ ಎಬ್ಬಿಸಿ ಎತ್ತುವುದು ಸಲ್ಲ.

ಮೇಲಿನಿಂದ ಕೈ ಚಾಚಬಾರದು. ಬಯಲಿನ ಹಲ್ಲಿಗೆ ಮೇಲಿನಿಂದ ಇಳಿದುಬರುವುದೆಂದರೆ ಹಕ್ಕಿಯ ಕೊಕ್ಕು. ಪಕ್ಕದಿಂದ, ಅದಕ್ಕೆ ಕಾಣುವಂತೆ, ನಿಧಾನವಾಗಿ ಕೈಯನ್ನು ತಂದು ಹೊಟ್ಟೆಯ ಕೆಳಗೆ ಜಾರಿಸಿ, ಎದೆಯೂ ನಾಲ್ಕು ಕಾಲುಗಳೂ ಕೈಯ ಮೇಲೆ ಊರುವಂತೆ ಎತ್ತಬೇಕು. ಅದು ಮುಂದೆ ನಡೆದರೆ ಇನ್ನೊಂದು ಕೈಯನ್ನು ಮುಂದಿಡಬೇಕು. ಹೀಗೆ ಒಂದು ಕೈಯಿಂದ ಇನ್ನೊಂದಕ್ಕೆ ಅದು ನಡೆಯುತ್ತಿರಲಿ. ತಡೆಯುವುದಾಗಲಿ ಹಿಡಿಯುವುದಾಗಲಿ ಬೇಡ. ಇದನ್ನೆಲ್ಲ ನೆಲದ ಮೇಲೆ ಕುಳಿತೇ ಮಾಡಬೇಕು. ಮೊದಮೊದಲು ಐದು ನಿಮಿಷ, ರೂಢಿಯಾದ ಮೇಲೆ ಹತ್ತು ಹದಿನೈದು ನಿಮಿಷ ಸಾಕು. ಆಹಾರ ಜೀರ್ಣವಾಗಬೇಕಾದರೆ ಹಲ್ಲಿಗೆ ಸುಮಾರು ೩೧ರಿಂದ ೩೩ ಡಿಗ್ರಿ ಶಾಖದ ನೆಲ ಬೇಕು. ದೇಹದೊಳಗೆ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದುದರಿಂದ ತಿಂದ ಕೂಡಲೆ ಅದನ್ನು ಬೆಚ್ಚನೆಯ ಕಲ್ಲಿನಿಂದ ಎತ್ತಿ ಹೊರಗಿಡಕೂಡದು.

ಹಲ್ಲಿಯ ಮನಸ್ಸನ್ನು ತಿಳಿಯಲು ಬಾಲವನ್ನು ನೋಡಬೇಕು. ಬಾಲವನ್ನೆತ್ತಿ ನಿಧಾನವಾಗಿ ಆ ಕಡೆ ಈ ಕಡೆ ತೂಗಿದರೆ ಅದು ಹೆದರಿದೆ ಎಂದು ಅರ್ಥ; ಕೈಯನ್ನು ಹಿಂದಕ್ಕೆ ತೆಗೆಯಬೇಕು. ಬಾಲದ ತುದಿ ಮಾತ್ರ ಸರಸರನೆ ನಡುಗಿದರೆ ಬೇಟೆಯ ಉತ್ಸಾಹ. ಮರಿಗಳು ಹೆದರಿದಾಗ ಕಿರಿಚುವುದೂ ಉಂಟು. ಅಂಗೈಯಲ್ಲಿ ಅಲ್ಲಾಡದೆ ಕುಳಿತರೆ ಅದು ನಮ್ಮನ್ನು ಮೆಚ್ಚಿದೆ ಎಂದು ಹಿಗ್ಗುವುದು ಸಹಜ. ನಮ್ಮ ಅಂಗೈಯ ಶಾಖ ಅದರ ಬೆಚ್ಚನೆಯ ಕಲ್ಲಿನ ಶಾಖಕ್ಕೆ ಹತ್ತಿರವಾದುದು ಎಂಬುದನ್ನೂ ಮರೆಯಬಾರದು. ಆದರೂ ಹೆದರಬೇಕಾದ ಪ್ರಾಣಿ ಹೆದರದೆ ಕುಳಿತಿದೆ ಎಂಬುದೇನು ಕಡಮೆಯ ಮಾತೆ?

ಕಳಚಿಕೊಂಡ ಬಾಲ

ನನ್ನ ಬೆರಳುಗಳಲ್ಲಿ ಉಳಿದ ಬಾಲದ ವಿಷಯಕ್ಕೆ ಈಗ ಬರೋಣ. ಹಲ್ಲಿಯ ಬಾಲ ‘ಮುರಿಯುವುದಿಲ್ಲ’. ಹಲ್ಲಿಯೇ ಅದನ್ನು ಬಿಟ್ಟುಕೊಡುತ್ತದೆ. ಬಾಲದ ಬುಡದ ಕೆಲವನ್ನು ಬಿಟ್ಟು ಉಳಿದ ಕಶೇರುಮಣಿಗಳಲ್ಲಿ ಬಿರುಕಿನ ರೇಖೆಗಳು ಹುಟ್ಟಿನಿಂದಲೇ ಇರುತ್ತವೆ. ಶತ್ರು ಬಾಲವನ್ನು ಹಿಡಿದಾಗ ಸ್ನಾಯುಗಳು ಬಲವಾಗಿ ಸಂಕುಚಿಸಿ ಆ ರೇಖೆಯಲ್ಲಿ ಬಾಲ ಬೇರೆಯಾಗುತ್ತದೆ. ರಕ್ತನಾಳಗಳೂ ಕೂಡಲೆ ಮುಚ್ಚಿಕೊಳ್ಳುವುದರಿಂದ ಹೆಚ್ಚು ರಕ್ತ ಸೋರುವುದಿಲ್ಲ. ಕಳಚಿದ ಬಾಲ ಸುಮ್ಮನಿರುವುದೂ ಇಲ್ಲ. ೨೦೦೯ರಲ್ಲಿ ಅಮೆರಿಕದ ಟಿಮೊತಿ ಹೈಯಮ್, ಕೆನಡದ ಆಂಟನಿ ರಸೆಲ್ ಎಂಬ ವಿಜ್ಞಾನಿಗಳು ಇದೇ ಚಿರತೆ ಹಲ್ಲಿಯ ಬಾಲವನ್ನು ಅತಿವೇಗದ ಕ್ಯಾಮೆರಾದಿಂದ ಪರೀಕ್ಷಿಸಿದರು. ಅದು ಬರಿದೇ ಅತ್ತಿತ್ತ ಆಡುವುದಲ್ಲದೆ ಮಧ್ಯೆ ಮಧ್ಯೆ ೩ ಸೆಂಟಿಮೀಟರ್ ಎತ್ತರಕ್ಕೆ ಲಾಗ ಹಾಕುತ್ತದೆಂದು ಅವರು ತೋರಿಸಿದರು. ಮೆದುಳಿನ ಸಂಪರ್ಕವೇ ಇಲ್ಲದೆ, ಬಾಲದೊಳಗೆ ಉಳಿದ ಬೆನ್ನುಹುರಿಯ ತುಂಡಿನಿಂದ ಇದೆಲ್ಲ ನಡೆಯುತ್ತದೆ. ಶತ್ರು ಆ ಕುಣಿತವನ್ನು ನೋಡುತ್ತಿರುವಷ್ಟರಲ್ಲಿ ಹಲ್ಲಿ ಪಾರಾಗಿರುತ್ತದೆ.

ಆದರೆ ಇದಕ್ಕೆ ತೆರುವ ಬೆಲೆ ದೊಡ್ಡದು. ಆಹಾರ ಸಿಗದ ಕಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಹೆಚ್ಚು ಪಾಲು ಬಾಲದಲ್ಲಿಯೇ ಇರುತ್ತದೆ. ಬಾಲ ಹೋದ ಹಲ್ಲಿ, ಕಣಜ ಸುಟ್ಟುಹೋದ ರೈತನಂತೆ. ಆ ಸಂಜೆಯೇ ಹುಡುಗಿ ಗೂಡಿನ ನೆಲದ ಕಲ್ಲುಗಳನ್ನು ತೆಗೆದು ಶುಭ್ರವಾದ ಬಿಳಿಯ ಕಾಗದವನ್ನು ಹಾಸಿದಳು. ಗಾಯಕ್ಕೆ ಯಾವ ಮುಲಾಮನ್ನೂ ಹಚ್ಚಲಿಲ್ಲ. ದಿನವೂ ಕಾಗದವನ್ನು ಬದಲಾಯಿಸಿದಳು. ಕೆಂಪೇರಿದೆಯೆ, ಊದಿದೆಯೆ ಎಂದು ನೋಡಿದಳು. ಕೀಟಗಳಿಗೆ ಸುಣ್ಣಾಂಶದ ಪುಡಿ ಸವರಿ ಮೊದಲಿಗಿ೦ತ ಹೆಚ್ಚಾಗಿ ಕೊಟ್ಟಳು. ಎರಡು ದಿನ ಅದು ಏನನ್ನೂ ತಿನ್ನಲಿಲ್ಲ. ಆ ಎರಡು ದಿನ ನನಗೂ ಊಟ ರುಚಿಸಲಿಲ್ಲ. ಮೂರನೆಯ ಸಂಜೆ ಗುಹೆಯಿಂದ ಹೊರಬಂದು ಮಿಡತೆಯೊಂದನ್ನು ಹಿಡಿದಾಗ ಹುಡುಗಿ ಓಡಿಬಂದು ನನ್ನನ್ನು ಕೂಗಿದಳು.

ನಾನು ಊರಿಗೆ ಹಿಂದಿರುಗುವ ದಿನ ನೆಲದ ಮೇಲೆ ಕುಳಿತು ಅಂಗೈಯನ್ನು ಗೂಡಿನೊಳಗೆ ಇಟ್ಟೆ. ಹಲ್ಲಿ ಬಂದು ಬೆರಳನ್ನು ನೆಕ್ಕಿ ನೋಡಿ ಹಿಂದಕ್ಕೆ ಸರಿಯಿತು. ಅದರ ತೀರ್ಮಾನ ನ್ಯಾಯವಾದುದೇ ಎಂದುಕೊಂಡು ಕೈಯನ್ನು ತೆಗೆದೆ.

ಮೂರು ತಿಂಗಳ ಬಳಿಕ ಹುಡುಗಿಯಿಂದ ಒಂದು ಚಿತ್ರ ಬಂದಿತು. ಹೊಸ ಬಾಲ ಬೆಳೆದಿತ್ತು. ಹಳೆಯ ಬಾಲದ ಉಂಗುರದ ಗೆರೆಗಳು ಅದಕ್ಕಿರಲಿಲ್ಲ. ನುಣ್ಣಗೆ, ಗಿಡ್ಡಗೆ, ಗೆಡ್ಡೆಯಂತೆ ಉಬ್ಬಿಕೊಂಡಿತ್ತು. ಒಳಗೆ ಕಶೇರುಮಣಿಗಳ ಬದಲು ಮೃದ್ವಸ್ಥಿಯ ಒಂದು ಕೊಳವೆ ಮಾತ್ರ ಇರುತ್ತದೆ ಎಂಬುದನ್ನು ನಾನು ಬಲ್ಲೆ. ಚಿತ್ರದ ಕೆಳಗೆ ಅವಳು ಬರೆದಿದ್ದಳು: “ತೂಕ ಮೊದಲಿನಷ್ಟೇ ಆಗಿದೆ ದೊಡ್ಡಪ್ಪ. ನಿನ್ನೆ ತಾನಾಗಿಯೇ ಕೈ ಹತ್ತಿತು. ಮುಂದಿನ ಸಲ ಬಂದಾಗ ನೀವು ಮೊದಲು ನೆಲದ ಮೇಲೆ ಕೂರಬೇಕು.”